ಶುಕ್ರವಾರದ ಸ್ವಿಚ್ಚು

2025ರ ಮೇ 28, ಬುಧವಾರ, ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷಕ್ಕೆ ಚಂದಾಪುರದ ಕಾರ್ಖಾನೆಯಲ್ಲಿ ಕುಲುಮೆಯ ಪಕ್ಕದ ಕಂಪ್ಯೂಟರ್ ಮೂರನೆಯ ಸಲ ಸತ್ತುಹೋಯಿತು. ಸತ್ತ ಹೊತ್ತು ಅಷ್ಟು ಕರಾರುವಾಕ್ಕಾಗಿ ತಿಳಿದದ್ದು ಪರದೆಯ ಜೊತೆಗೆ ಅದರ ಮೂಲೆಯ ಗಡಿಯಾರವೂ ನಿಂತುಬಿಟ್ಟಿದ್ದರಿಂದ. ಅಲ್ಲಿನ ಶಿಫ್ಟ್ ಎಂಜಿನಿಯರ್ ಮುತ್ತಣ್ಣ ಅದರ ಫೋಟೊ ತೆಗೆದು ವೈಟ್‌ಫೀಲ್ಡಿನ ಆಫೀಸಿನಲ್ಲಿ ಕೂತಿದ್ದ ದಾನೇಶ್ವರಿಗೆ ಕಳಿಸಿದ. "ಮುಟ್ಟಬ್ಯಾಡ್ರಿ, ಹಂಗ ಇರ್ಲಿ" ಎಂದು ಅವಳು ಬರೆಯುವಷ್ಟರಲ್ಲಿ ಎರಡನೆಯ ಸಂದೇಶ ಬಂತು: "ರೀಸ್ಟಾರ್ಟ್ ಮಾಡೀನ್ರಿ ಮೇಡಂ. ಈಗ ಚಲೋ ಓಡಾಕತ್ತೈತಿ."

ದಾನೇಶ್ವರಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಕೊಲೆ ನಡೆದ ಕೋಣೆಯನ್ನು ಫಿನೈಲ್ ಹಾಕಿ ಒರೆಸಿ, ಆಮೇಲೆ ಪೊಲೀಸರಿಗೆ ಹೇಳಿಕಳಿಸಿದ ಹಾಗಾಯಿತು. ಮೂರು ಸಲವೂ ಹೀಗೇ ಆಗಿತ್ತು. ಮುತ್ತಣ್ಣನನ್ನು ಬೈಯುವಂತೆಯೂ ಇರಲಿಲ್ಲ. ಅವನ ಕುಲುಮೆ ಹಗಲು ರಾತ್ರಿ ನಿಲ್ಲದೆ ಉರಿಯುವಂಥದ್ದು. ಕಾರಿನ ಗೇರುಗಳು ಒಂದು ಬಾಯಿಂದ ಒಳಗೆ ಹೋಗಿ ಎಂಟು ವಲಯಗಳ ಕಾವು ತಿಂದು ಇನ್ನೊಂದು ಬಾಯಿಂದ ಗಟ್ಟಿಯಾಗಿ ಹೊರಬೀಳುತ್ತಿದ್ದವು. ಒಂದೊಂದು ವಲಯದ ಉಷ್ಣತೆಯನ್ನೂ ಸೆಕೆಂಡಿಗೊಮ್ಮೆ ಬರೆದಿಡುವುದು ಕಂಪ್ಯೂಟರಿನ ಕೆಲಸ. ಅದು ಸತ್ತರೆ ದಾಖಲೆಯಲ್ಲಿ ತೂತು ಬೀಳುತ್ತದೆ. ದಾಖಲೆ ತೂತಾದರೆ ಗೇರು ಕೊಳ್ಳುವ ಕಂಪನಿ ಆ ಹೊತ್ತಿನ ಸರಕನ್ನೆಲ್ಲ ಹಿಂದಕ್ಕೆ ಕಳಿಸುತ್ತದೆ.

ಆ ಕಂಪ್ಯೂಟರಿನ ಪ್ರೋಗ್ರಾಮನ್ನು ಬರೆದವಳು ದಾನೇಶ್ವರಿ. ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದವಳು, ಈಗ ನಲವತ್ತೊಂದು. ಅವಳು ಆರಿಸಿಕೊಂಡ ಭಾಷೆ ಹ್ಯಾಸ್ಕೆಲ್. ಬೇರೆ ಭಾಷೆಗಳಲ್ಲಿ ಪ್ರೋಗ್ರಾಮೆಂದರೆ ಅದನ್ನು ಮಾಡು, ಇದನ್ನು ತಿದ್ದು, ಮತ್ತೆ ಅದನ್ನು ಮಾಡು ಎಂಬ ಅಪ್ಪಣೆಗಳ ಸಾಲು. ಹ್ಯಾಸ್ಕೆಲ್‌ನಲ್ಲಿ ಹೆಚ್ಚು ಕಡಿಮೆ ಗಣಿತದ ಹಾಗೆಯೇ ಇದಕ್ಕೆ ಇದು ಸಮ ಎಂದು ಬರೆದುಕೊಂಡು ಹೋಗಬೇಕು. ಉಷ್ಣತೆಗೆ ತಪ್ಪಿ ನಿಮಿಷಗಳನ್ನು ಕೂಡಿದರೆ ಪ್ರೋಗ್ರಾಮ್ ಹುಟ್ಟುವುದೇ ಇಲ್ಲ, ಬರೆಯುವಾಗಲೇ ತಪ್ಪು ಸಿಕ್ಕಿಬೀಳುತ್ತದೆ. ಅದೇ ಮಾಲೀಕನ ಪೀಣ್ಯದ ಹಳೆಯ ಶೆಡ್ಡಿನಲ್ಲಿ ಇದೇ ಪ್ರೋಗ್ರಾಮ್ ಎರಡು ವರ್ಷದಿಂದ ಒಂದೇ ಒಂದು ತಪ್ಪು ಅಂಕಿ ಬರೆಯದೆ ಓಡುತ್ತಿತ್ತು. ಚಂದಾಪುರಕ್ಕೆ ಹಾಕಿ ಒಂದು ತಿಂಗಳಾಗಿತ್ತಷ್ಟೆ. ಹದಿನೇಳು ವರ್ಷದ ನೌಕರಿಯಲ್ಲಿ ಇದು ನನ್ನದು ಎಂದು ಅವಳು ಬಾಯಿಬಿಟ್ಟು ಹೇಳಿಕೊಂಡ ಕೆಲಸ ಅದೊಂದೇ.

ಸೋಮವಾರ ಮೀಟಿಂಗ್ ಕರೆದ ಅವಳ ಸಾಫ್ಟ್‌ವೇರ್ ಕಂಪನಿಯ ಯಜಮಾನ ನರೇಶ್, "ನೋಡಿ ದಾನೇಶ್ವರಿ, ನಿಮ್ ಮೇಲೆ ನನಗೆ ಡೌಟಿಲ್ಲ" ಎಂದು ಶುರು ಮಾಡಿದ. ಡೌಟಿದ್ದಾಗ ಮಾತ್ರ ಅವನು ಹಾಗೆ ಶುರು ಮಾಡುತ್ತಿದ್ದ. "ಆದ್ರೆ ಇಡೀ ಬೆಂಗಳೂರಲ್ಲಿ ಈ ಹ್ಯಾಸ್ಕೆಲ್ ಬರೋರು ಎಷ್ಟು ಜನ ಇದ್ದಾರೆ? ನಾಳೆ ನಿಮಗೆ ಜ್ವರ ಬಂದ್ರೆ ನಾನ್ ಯಾರಿಗೆ ಫೋನ್ ಮಾಡ್ಲಿ?"

"ಜ್ವರ ಬಂದ್ರೂ ನಾನ ಎತ್ತತೀನಲ್ರೀ ಫೋನು. ಹ್ವಾದ ವರ್ಷ ಡೆಂಗಿ ಬಂದಾಗೂ ಎತ್ತಿದ್ದೆ."

"ಅದೇ ಕಣ್ರೀ ಪ್ರಾಬ್ಲಮ್ಮು."

ಅದು ನಿಜವೆಂಬುದು ಅವಳಿಗೂ ಗೊತ್ತಿತ್ತು. ಇನ್ನೊಬ್ಬರನ್ನು ಸೇರಿಸಿಕೊಳ್ಳೋಣವೆಂದು ಹಿಂದಿನ ವರ್ಷ ಏಜೆನ್ಸಿಗೆ ಹೇಳಿ, ಹ್ಯಾಸ್ಕೆಲ್ ತರಹದ ಭಾಷೆಗಳ ಪದ್ಧತಿಗಿರುವ ಹೆಸರಿನಲ್ಲೇ, 'ಫಂಕ್ಷನಲ್ ಪ್ರೋಗ್ರಾಮಿಂಗ್ ಗೊತ್ತಿರಬೇಕು' ಎಂದು ಬರೆಸಿದ್ದಳು. ಬಂದವರಲ್ಲಿ ಅರ್ಧಕ್ಕರ್ಧ ಜನ ದೊಡ್ಡ ಕಂಪನಿಗಳ ಅಕೌಂಟ್ಸ್ ಸಾಫ್ಟ್‌ವೇರ್ ಹೊಂದಿಸಿಕೊಡುವವರು. ಅವರ ಹುದ್ದೆಯ ಹೆಸರಿನಲ್ಲಿ 'ಫಂಕ್ಷನಲ್' ಎಂದಿತ್ತು, ಅಷ್ಟೇ. ಉಳಿದವರಲ್ಲಿ ಚೂಟಿಯಾಗಿದ್ದ ಒಬ್ಬಳು ಸೇರಿ, ಮೂರು ತಿಂಗಳು ಕಲಿತು, ಕಲಿತದ್ದರ ಬಲದಿಂದಲೇ ಮಾರತಹಳ್ಳಿಯ ಬ್ಯಾಂಕಿಂಗ್ ಕಂಪನಿಯೊಂದಕ್ಕೆ ಹಾರಿಹೋದಳು.

"ಜಾವಾ ಆದ್ರೆ ಮೇಡಂ, ರೋಡಲ್ಲಿ ಒಂದು ಕಲ್ಲು ಎಸೆದ್ರೆ ನಾಲ್ಕು ಜನಕ್ಕೆ ತಾಗುತ್ತೆ," ಅಂದ ಸಿದ್ದಾರ್ಥ್. ಅವನು ಜಾವಾ ತಂಡದ ಮುಖ್ಯಸ್ಥ. ಲ್ಯಾಪ್‌ಟಾಪಿನಲ್ಲಿ ಆಗಲೇ ಸ್ಲೈಡು ತೆರೆದಿಟ್ಟುಕೊಂಡು ಕೂತಿದ್ದ.

"ಎಸೀರಿ ಮತ್ತ. ಒಂದು ನಿಮಗೂ ತಾಗ್ಲಿ."

ನರೇಶ್ ನಗು ತಡೆದುಕೊಂಡು ತೀರ್ಪು ಹೇಳಿದ. ಜೂನ್ 30ರ ಸೋಮವಾರದೊಳಗೆ ದೋಷ ಹುಡುಕಿ, ಹೋಗಿದೆಯೆಂದು ಸಾಧಿಸಿ ತೋರಿಸಬೇಕು. ಆಗದಿದ್ದರೆ ಜುಲೈ ಒಂದರಿಂದ ಸಿದ್ದಾರ್ಥನ ತಂಡ ಇಡೀ ಪ್ರೋಗ್ರಾಮನ್ನು ಜಾವಾದಲ್ಲಿ ಹೊಸದಾಗಿ ಬರೆಯುತ್ತದೆ. ಹಳೆಯದು ಹೇಗೆ ಕೆಲಸ ಮಾಡುತ್ತದೆಂದು ದಾನೇಶ್ವರಿ ಅವರಿಗೆ ಸಾಲು ಸಾಲಾಗಿ ವಿವರಿಸಬೇಕು. ಎಂದರೆ ಗುಂಡಿಯನ್ನೂ ಅವಳೇ ತೋಡಿಕೊಡಬೇಕು.

ದೋಷ ಹುಡುಕುವುದಾದರೂ ಹೇಗೆ? ಚಂದಾಪುರದ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ, ಗೇರು ಕೊಳ್ಳುವವರ ಕಟ್ಟಳೆ. ಒಳಗೆ ಹೋಗಲು ಗೇಟ್‌ಪಾಸ್, ಲ್ಯಾಪ್‌ಟಾಪಿಗೆ ಬೇರೆ ಪಾಸ್, ಅದರ ಸಹಿಗೆ ಬೇರೆ ದಿನ. ಮೇ ತಿಂಗಳಲ್ಲೇ ಒಂದು ಸಲ ಎಲ್ಲ ಕೂಡಿಬಂದು ಒಳಗೆ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಎರಡು ದಿನವಾಗಿತ್ತಷ್ಟೆ. ಪ್ರೋಗ್ರಾಮ್ ಹಿಡಿದುಕೊಂಡಿದ್ದ ಮೆಮೊರಿ 201 ಮೆಗಾಬೈಟ್. ದಾನೇಶ್ವರಿ ಅದನ್ನು ಬರೆದುಕೊಂಡು ಪೀಣ್ಯಕ್ಕೆ ಹೋಗಿ ಅಲ್ಲಿಯೂ ಅಳೆದಳು. 97 ಬಂತು. ಪೀಣ್ಯದ ಕುಲುಮೆಗೆ ನಾಲ್ಕೇ ವಲಯ, ಚಂದಾಪುರದ್ದಕ್ಕೆ ಎಂಟು. ಎರಡರಷ್ಟು ವಲಯಕ್ಕೆ ಎರಡರಷ್ಟು ಮೆಮೊರಿ. ಲೆಕ್ಕ ತಾಳೆಯಾಯಿತು, ತಪ್ಪು ಮೆಮೊರಿಯದ್ದಲ್ಲ ಎಂದು ಅವಳು ಆ ದಾರಿಯನ್ನೇ ಮುಚ್ಚಿಬಿಟ್ಟಳು. ಆಮೇಲೆ ಹೋದಾಗಲೂ ಪೀಣ್ಯದಲ್ಲಿ 97, 98, 96. ಬಂಡೆಗಲ್ಲಿನಂಥ ಅಂಕಿ.

ಅವಳು ಪೀಣ್ಯಕ್ಕೆ ಹೋಗುತ್ತಿದ್ದದ್ದೆಲ್ಲ ಶನಿವಾರ. ವೈಟ್‌ಫೀಲ್ಡಿನಿಂದ ಊರಿನ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಕೆಲಸದ ದಿನವೊಂದು ಮೆಟ್ರೊದಲ್ಲೇ ಸವೆದುಹೋಗುತ್ತಿತ್ತು.

ಎರಡೂ ಕಾರ್ಖಾನೆಗಳ ಮಾಲೀಕ ವಸಂತ್. ಪೀಣ್ಯದ ಶೆಡ್ಡು ಅವನ ತಂದೆ ಚಿಕ್ಕಬೈರಪ್ಪ ಹೊಲದ ಮೂಲೆಯಲ್ಲಿ ಎರಡು ಲೇತ್ ಇಟ್ಟು ಶುರು ಮಾಡಿದ್ದು, ಚಂದಾಪುರದ್ದು ವಸಂತನೇ ಕಟ್ಟಿಸಿದ್ದು. ದಾನೇಶ್ವರಿ ಅವನನ್ನು ಒಂದೇ ಪ್ರಶ್ನೆ ಮೂರು ಸಲ ಕೇಳಿದ್ದಳು. "ಪೀಣ್ಯದಾಗ ಇದನ್ನ ಯಾವಾಗರ ಆಫ್ ಮಾಡ್ತೀರೇನ್ರಿ?"

"ಛೇ, ಇಲ್ಲ ಮೇಡಂ," ಎಂದು ಮೂರು ಸಲವೂ ವಸಂತ್ ಎದೆ ಮುಟ್ಟಿಕೊಂಡಿದ್ದ. "ಎರಡು ವರ್ಷದಿಂದ ಒಂದ್ ಸಲಾನೂ ಆಫ್ ಆಗಿಲ್ಲ. ನಿಮ್ ಸಾಫ್ಟ್‌ವೇರ್ ಅಂದ್ರೆ ಅದು."

ಒಂದೇ ಪ್ರೋಗ್ರಾಮ್, ಒಂದೇ ತರಹದ ಕಂಪ್ಯೂಟರ್. ಒಂದು ಕಡೆ ಎರಡು ವರ್ಷ ಬದುಕುತ್ತದೆ, ಇನ್ನೊಂದು ಕಡೆ ಹತ್ತು ದಿನಕ್ಕೆ ಸಾಯುತ್ತದೆ. ಚಂದಾಪುರದ ಧೂಳು, ಕಾವು, ವೋಲ್ಟೇಜು, ಕೊನೆಗೆ ಕೀಬೋರ್ಡಿನೊಳಗಿನ ಇರುವೆ, ಒಂದನ್ನೂ ಬಿಡದೆ ಅವಳು ಶಂಕಿಸಿದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ದಿನ ಕಳೆಯುತ್ತಿತ್ತು.

ಜೂನ್ 7ರ ಶನಿವಾರ ಬಕ್ರೀದ್ ರಜೆ ಇದ್ದುದರಿಂದ ಆ ವಾರ ಅವಳು ಶುಕ್ರವಾರವೇ ಪೀಣ್ಯಕ್ಕೆ ಹೋದಳು. ಶೆಡ್ಡಿನಲ್ಲಿ ನೆಲ ತೊಳೆದಿತ್ತು, ಕುಲುಮೆ ತಣ್ಣಗಿತ್ತು. ಅವಳು ಕಂಪ್ಯೂಟರಿನ ಮುಂದೆ ಕೂತು, ವಾಡಿಕೆಯಂತೆ ಮೆಮೊರಿ ಎಷ್ಟೆಂದು ಕೇಳಿದಳು.

304.

ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. 304. ಎಲ್ಲಿಂದ ಬಂತು ಇದು? ಯಾವ ಲೆಕ್ಕ ಎಷ್ಟು ಜಾಗ ಹಿಡಿದಿದೆಯೆಂದು ತೋರಿಸುವ ಸಾಧನವನ್ನು ತೆರೆಯಲು ಅವಳು ಬೆರಳು ಇಡುವುದಕ್ಕೂ, ಹಿಂದಿನಿಂದ ಯಾರೋ "ಸ್ವಲ್ಪ ಆ ಕಡೀಕ್ ಸರ್ಕೊಳಮ್ಮ" ಎನ್ನುವುದಕ್ಕೂ ಸರಿಹೋಯಿತು. ವಸಂತನ ತಾಯಿ ಭದ್ರಮ್ಮ ಹಿತ್ತಾಳೆ ತಟ್ಟೆ ಹಿಡಿದು ನಿಂತಿದ್ದರು. ಅರಿಶಿನ, ಕುಂಕುಮ, ಸೇವಂತಿಗೆ, ಒಂದು ತೆಂಗಿನಕಾಯಿ. ಬಾಗಿಲ ಬಳಿಯಿದ್ದ ಕೆಲಸಗಾರ ಬಸಲಿಂಗ ಇಷ್ಟೆತ್ತರದ ಮೇನ್ ಸ್ವಿಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆಳೆದ. ಫ್ಯಾನು, ದೀಪ, ಕಂಪ್ರೆಸರ್ ಎಲ್ಲ ಒಟ್ಟಿಗೆ ಉಸಿರು ಬಿಟ್ಟವು. ಕಂಪ್ಯೂಟರಿನ ಯುಪಿಎಸ್ ಕುಂಯ್ ಎಂದಿತು. ಬಸಲಿಂಗ ಬಂದು, ಬಹಳ ಅಭ್ಯಾಸವಿದ್ದವನ ಹಾಗೆ, ಪರದೆಯ ಮೇಲಿನ 'ಮುಚ್ಚು' ಗುಂಡಿ ಒತ್ತಿದ.

"ಏ, ಏ, ತಡೀಪಾ," ಎಂದು ದಾನೇಶ್ವರಿ ಎದ್ದಳು.

"ಪೂಜಾ ಐತ್ರಿ ಅಕ್ಕಾರ," ಎಂದ ಬಸಲಿಂಗ ಸಮಾಧಾನದಿಂದ. "ಕಾಲು ತಾಸಿನ್ಯಾಗ ಮತ್ತ ಹಚ್ಚತೀನಿ."

ಪರದೆ ಬಹಳ ಹೊತ್ತು ತಡವರಿಸಿ ಕಪ್ಪಾಯಿತು. ಭದ್ರಮ್ಮ ಕೀಬೋರ್ಡಿಗೆ ಕುಂಕುಮವಿಟ್ಟು ಮೇಲೊಂದು ಸೇವಂತಿಗೆ ಸಿಕ್ಕಿಸಿದರು.

ದಾನೇಶ್ವರಿ ಹೋಗಿ, ಪೂಜೆಗೆ ಬಂದಿದ್ದ ವಸಂತನ ಮುಂದೆ ನಿಂತಳು. "ಎರಡು ವರ್ಷದಿಂದ ಆಫ್ ಆಗಿಲ್ಲ ಅಂದ್ರಲ್ರಿ."

"ಆಫ್ ಎಲ್ಲಾಗಿದೆ ಮೇಡಂ?"

"ಮತ್ತ ಇದೇನ್ರಿ ಇದು?"

"ಇದು ಪೂಜೆ," ಎಂದ ವಸಂತ್. ಅವನ ಮುಖದಲ್ಲಿ ಕಪಟದ ಎಳೆಯೂ ಇರಲಿಲ್ಲ. "ಪ್ರತಿ ಶುಕ್ರವಾರ ಮಾಡ್ತೀವಲ್ಲ. ಆಫ್ ಅಂದ್ರೆ ಕೆಟ್ಟು ಆಫ್ ಆಗೋದು."

"ಚಂದಾಪುರದಾಗ?"

"ಅಲ್ಲಿ ಕುಲುಮೆ ನಿಲ್ಸೋ ಹಾಗಿಲ್ವಲ್ಲ. ಅಮ್ಮಂಗೂ ಮಂಡಿನೋವು, ಅಷ್ಟು ದೂರ ಆಗಲ್ಲ. ಮುತ್ತಣ್ಣ ದೇವ್ರ ಫೋಟೊಗೆ ಊದುಬತ್ತಿ ಹಚ್ತಾನೆ, ಅಷ್ಟೆ."

ದಾನೇಶ್ವರಿ ಅಲ್ಲೇ ಇದ್ದ ಗೇರಿನ ಟ್ರೇ ಮೇಲೆ ಕೂತುಬಿಟ್ಟಳು. ಸಿಟ್ಟು ಬಂದದ್ದು ವಸಂತನ ಮೇಲಲ್ಲ. ವಿಜ್ಞಾನ ಓದಿದವಳು, ಬರೀ ಶನಿವಾರವೇ ಅಳೆದಿದ್ದಳು. ಎಂದರೆ ಪ್ರತಿ ಸಲವೂ ಪೂಜೆಯ ಮರುದಿನ, ಕಂಪ್ಯೂಟರ್ ಹೊಸದಾಗಿ ಎದ್ದು ಒಂದೇ ದಿನವಾಗಿದ್ದಾಗ. ಊಟವಾದ ಮೇಲೆ ಮಾತ್ರ ಹೋಗಿ ನೋಡಿ, ಈ ಮನೆಯವರಿಗೆ ಹಸಿವೆಯೇ ಆಗುವುದಿಲ್ಲ ಎಂದು ಬರೆದುಕೊಂಡ ಹಾಗೆ. ಪ್ರೋಗ್ರಾಮ್ ದಿನದಿಂದ ದಿನಕ್ಕೆ ಉಬ್ಬುತ್ತಲೇ ಇತ್ತು. ಪೀಣ್ಯದಲ್ಲಿ ಪ್ರತಿ ಶುಕ್ರವಾರ ಭದ್ರಮ್ಮ ಅದನ್ನು ಇಳಿಸುತ್ತಿದ್ದರು. ಚಂದಾಪುರದಲ್ಲಿ ಇಳಿಸುವವರಿಲ್ಲದೆ ಅದು ಒಡೆಯುತ್ತಿತ್ತು.

ಉಬ್ಬುತ್ತಿದೆಯೆಂದು ಗೊತ್ತಾದ ಮೇಲೆ ಎಲ್ಲಿ, ಯಾಕೆಂದು ತಿಳಿಯಲು ಒಂದು ಮಧ್ಯಾಹ್ನ ಸಾಕಾಯಿತು. ಹ್ಯಾಸ್ಕೆಲ್ ಸೋಮಾರಿ ಭಾಷೆ. ಇದು ಬೈಗುಳವಲ್ಲ, ಅದನ್ನು ಕಟ್ಟಿದವರೇ ಹೆಮ್ಮೆಯಿಂದ ಹೇಳುವ ಗುಣ. ಯಾರಾದರೂ ಉತ್ತರ ಕೇಳುವವರೆಗೆ ಅದು ಲೆಕ್ಕ ಮಾಡುವುದಿಲ್ಲ. ಇದಕ್ಕೆ ಒಂದು ಕೂಡು ಎಂದರೆ, 'ಇದಕ್ಕೆ ಒಂದು ಕೂಡುವುದಿದೆ' ಎಂದು ಚೀಟಿ ಬರೆದು ಪಕ್ಕಕ್ಕಿಡುತ್ತದೆ. ಬೇಡದ ಕೆಲಸ ಇದರಿಂದ ಎಷ್ಟೋ ಉಳಿಯುತ್ತದೆ. ಆದರೆ ಅವಳ ಪ್ರೋಗ್ರಾಮಿನಲ್ಲಿ ಪ್ರತಿ ವಲಯವೂ ಒಟ್ಟು ಎಷ್ಟು ಸೆಕೆಂಡು ಕಾದಿದೆ ಎಂಬ ಮೊತ್ತವೊಂದಿತ್ತು, ಕಾಯಿಸುವ ಸುರುಳಿಗಳನ್ನು ಯಾವಾಗ ಬದಲಿಸಬೇಕೆಂದು ತಿಳಿಯುವುದಕ್ಕೆ. ಅದನ್ನು ವರ್ಷಕ್ಕೊಮ್ಮೆ ಕೇಳಿದರೆ ಹೆಚ್ಚು. ಹಾಗಾಗಿ ಸೆಕೆಂಡಿಗೊಂದು ಚೀಟಿ, ವಲಯ ವಲಯಕ್ಕೂ, ಹಗಲೂ ರಾತ್ರಿಯೂ, ಮೆಮೊರಿ ತುಂಬುವವರೆಗೆ. ಕಂಪ್ಯೂಟರ್ ಮುಚ್ಚುವಾಗ ಮೊತ್ತ ಡಿಸ್ಕಿಗೆ ಹೋಗಬೇಕಾದ್ದರಿಂದ ಆಗ ಮಾತ್ರ ಚೀಟಿಗಳೆಲ್ಲ ಒಮ್ಮೆಲೇ ಚುಕ್ತಾ ಆಗುತ್ತಿದ್ದವು. ಪರದೆ ತಡವರಿಸಿದ್ದು ಅದಕ್ಕೇ.

'ಈಗಲೇ ಕೂಡು' ಎಂದು ಹೇಳಲು ಆ ಭಾಷೆಯಲ್ಲಿ ಒಂದು ಚಿಹ್ನೆ ಸಾಕು. ದಾನೇಶ್ವರಿ ಅದನ್ನು ಹಾಕಿದಳು. ಒಂದೇ ಒಂದು ಅಕ್ಷರ.

"ಹಾಗಾದ್ರೆ ಮುಗೀತಲ್ರೀ," ಎಂದ ನರೇಶ್ ಸೋಮವಾರ. "ಚಂದಾಪುರದಲ್ಲೂ ಶುಕ್ರವಾರ ಶುಕ್ರವಾರ ಆಫ್ ಮಾಡ್ಸಿಬಿಡಿ. ಜಾವಾ ರೆಡಿ ಆಗೋವರ್ಗೂ ನಡಿಯುತ್ತೆ."

"ಜಾವಾ ಯಾಕ್ರೀ ಇನ್ನ? ತಪ್ಪು ಸಿಕ್ತಲ್ಲ."

"ಸಿಕ್ಕಿರೋದು ಒಂದು. ಇನ್ನೆಷ್ಟಿದೆಯೋ."

"ಜಾವಾದಲ್ಲಾಗಿದ್ರೆ ಈ ತಪ್ಪು ಆಗ್ತಾನೇ ಇರ್ಲಿಲ್ಲ ಮೇಡಂ," ಎಂದ ಸಿದ್ದಾರ್ಥ್.

"ಖರೇ," ಎಂದಳು ದಾನೇಶ್ವರಿ. ಸುಳ್ಳು ಹೇಳುವುದು ಅವಳಿಂದಾಗುತ್ತಿರಲಿಲ್ಲ. "ಇದು ಆಗ್ತಿರಲಿಲ್ಲ. ನಿಮ್ಮ ಬಿಲ್ಲಿಂಗ್ ಪ್ರೋಗ್ರಾಮು ಹ್ವಾದ ತಿಂಗಳು ರೂಪಾಯಿಗೆ ದಿನ ಕೂಡಿತ್ತಲ್ಲ, ಅದು ನಂದರಾಗ ಆಗೂದಿಲ್ಲ. ಯಾವುದು ಬೇಕು ಆರಿಸ್ಕೊಳ್ರಿ."

ಸಿದ್ದಾರ್ಥ್ ಲ್ಯಾಪ್‌ಟಾಪಿನಲ್ಲಿ ಏನನ್ನೋ ಹುಡುಕತೊಡಗಿದ. ಎಳೆದಾಡಿ ಕೊನೆಗೊಂದು ಕರಾರಾಯಿತು. ತಿದ್ದಿದ ಪ್ರೋಗ್ರಾಮನ್ನು ನೇರ ಚಂದಾಪುರಕ್ಕೆ ಹಾಕಲು ವಸಂತ್ ಒಪ್ಪುವುದಿಲ್ಲ, ಮೊದಲು ಪೀಣ್ಯದಲ್ಲಿ ಓಡಿಸಬೇಕು. ಅಲ್ಲಿ ಹದಿನೈದು ದಿನ ಒಮ್ಮೆಯೂ ನಿಲ್ಲದೆ ಓಡಿ, ಕೊನೆಗೆ ಮೆಮೊರಿ ನೂರು ಮೆಗಾಬೈಟಿನ ಒಳಗಿದ್ದರೆ ಜಾವಾದ ಮಾತು ಬಿಟ್ಟಂತೆ. ನೂರು ದಾಟಿದರೆ, ಅಥವಾ 30ರೊಳಗೆ ಹದಿನೈದು ದಿನ ತುಂಬದಿದ್ದರೆ, ಸಿದ್ದಾರ್ಥ್ ಶುರು ಮಾಡುತ್ತಾನೆ.

"ಮತ್ತ ನೂರು ದಾಟದಿದ್ರ," ಎಂದಳು ದಾನೇಶ್ವರಿ, "ಸಿದ್ದಾರ್ಥ್ ದಿನಾ ಒಂದು ತಾಸು ನನ್ನ ಹತ್ರ ಕೂತು ಹ್ಯಾಸ್ಕೆಲ್ ಕಲೀಬೇಕು. ನನಗ ಜ್ವರ ಬಂದಾಗ ಫೋನ್ ಎತ್ತಾಕ."

"ನಾನಾ?" ಎಂದ ಸಿದ್ದಾರ್ಥ್.

"ಗುಡ್ ಐಡಿಯಾ," ಎಂದ ನರೇಶ್.

ಅದೇ ದಿನ ಪೀಣ್ಯದಲ್ಲಿ ಹೊಸ ಪ್ರೋಗ್ರಾಮ್ ಹಾಕಿ, ಎಷ್ಟು ದಿನದಿಂದ ಓಡುತ್ತಿದೆಯೆಂದು ಪರದೆಯ ಮೂಲೆಯಲ್ಲೇ ಕಾಣುವಂತೆ ಮಾಡಿದಳು. ಚಂದಾಪುರವನ್ನು ವಾರಕ್ಕೊಮ್ಮೆ, ಟ್ರೇ ಬದಲಿಸುವ ಸಂದಿನಲ್ಲಿ ರೀಸ್ಟಾರ್ಟ್ ಮಾಡಲು ಮುತ್ತಣ್ಣನಿಗೆ ಹೇಳಿದಳು. "ಈಗ ನೀವ ಮಾಡು ಅಂತೀರಲ್ರಿ, ಮೊದ್ಲ ನಾ ಮಾಡಿದ್ರ ಬೈತಿದ್ರಿ," ಎಂದು ಅವನು ಅಂದದ್ದನ್ನು ನುಂಗಿಕೊಂಡಳು. ವಸಂತನಿಗೆ ಬಾಯಲ್ಲೂ ಹೇಳಿ, ಮೆಸೇಜೂ ಕಳಿಸಿ, ಕಂಪ್ಯೂಟರಿನ ಮೇಲೆ 'ಆಫ್ ಮಾಡಬಾರದು' ಎಂದು ದಪ್ಪ ಅಕ್ಷರದಲ್ಲಿ ಅಂಟಿಸಿ ಬಂದಳು.

ಜೂನ್ 14ರ ಶನಿವಾರ ಹೋಗಿ ನೋಡಿದರೆ ಮೂಲೆಯಲ್ಲಿ 'ಓಡುತ್ತಿರುವುದು: 1 ದಿನ' ಎಂದಿತ್ತು. ಅವಳು ಅಂಟಿಸಿದ ಕಾಗದದ ಮೇಲೆ ಒಪ್ಪವಾಗಿ ಕುಂಕುಮ ಇಟ್ಟಿದ್ದರು.

"ಆಫ್ ಮಾಡಿಲ್ಲ ಮೇಡಂ," ಎಂದು ವಸಂತ್ ಶುರು ಮಾಡಿದ.

"ಪೂಜಾ ಮಾಡೀರಿ. ಗೊತ್ತಾತು," ಎಂದಳು ದಾನೇಶ್ವರಿ. ಧ್ವನಿ ಏರಿಸಲಿಲ್ಲ. ಏರಿಸಿದರೆ ಅಳು ಬರುತ್ತದೆಂದು ಅನುಮಾನವಿತ್ತು. ಇಷ್ಟು ವರ್ಷದ ಓದು, ಅನುಭವ, ಹಗಲಿರುಳಿನ ದುಡಿಮೆ ಎಲ್ಲ ಹೋಗಿ ನಿಂತದ್ದು ಒಂದು ಮೇನ್ ಸ್ವಿಚ್ಚಿನ ಹಿಡಿಯಲ್ಲಿ. ಇವತ್ತಿನಿಂದ ಎಣಿಸಿದರೆ 30ಕ್ಕೆ ಹದಿನೈದು ದಿನ ದಾಟುತ್ತದೆ. ನಡುವೆ ಎರಡು ಶುಕ್ರವಾರ. ಇನ್ನೊಂದು ತಪ್ಪಿಗೆ ಜಾಗವಿಲ್ಲ. "ನೀವು ಹೇಳೋದು ಬ್ಯಾಡ್ರಿ. ನಿಮ್ಮ ತಾಯಾರ ಹತ್ರ ನಾನ ಮಾತಾಡ್ತೀನಿ."

"ಮಾತಾಡಿ," ಎಂದ ವಸಂತ್, ಮಳೆಯಲ್ಲಿ ಇನ್ನೊಬ್ಬರಿಗೆ ಕೊಡೆ ಕೊಟ್ಟು ತಾನು ಮನೆಯೊಳಗೇ ಉಳಿದವನ ಹಾಗೆ.

20ರ ಶುಕ್ರವಾರ ಅವಳು ಪೂಜೆಗೆ ಮುಂಚೆಯೇ ಹೋದಳು. ಭದ್ರಮ್ಮ ಶೆಡ್ಡಿನ ಹಿಂದೆ ಮುನೇಶ್ವರನ ಕಲ್ಲಿಗೆ ನೀರು ಹಾಕುತ್ತಿದ್ದರು. ಪೂಜೆ ಅಲ್ಲಿಂದ ಹೊರಟು, ಒಂದೊಂದೇ ಯಂತ್ರ ದಾಟಿ, ಕುಲುಮೆಯಲ್ಲಿ ಮುಗಿಯುವುದು ರೂಢಿ.

"ಅಮ್ಮಾರ, ಇವತ್ತ ಮತ್ತ ಮುಂದಿನ ವಾರ, ಎರಡ ಸಲ, ಕರೆಂಟ್ ತಗೀದ ಪೂಜಾ ಮಾಡ್ಲಿಕ್ಕೆ ಬರ್ತದೇನ್ರಿ?"

"ಓಡೋ ಮಿಸಿನ್ನಿಗಾ?" ಭದ್ರಮ್ಮ ಚೆಂಬು ಕೆಳಗಿಟ್ಟರು. "ನಮ್ಮೆಜಮಾನ್ರು ಅಂಗೇ ಓಡ್ತಿದ್ದ ಲೇತಿಗೆ ಊವ ಮುಡ್ಸಾಕೋಗಿ ಎಲ್ಡು ಬೆರಳು ಕಳ್ಕಂಡ್ರು. ಅವತ್ತಿಂದ ಸುಚ್ಚು ಇಳೀದೆ ನಾನು ಯಾವ್ದುನ್ನೂ ಮುಟ್ಟಲ್ಲ, ಯಾರ್ನೂ ಮುಟ್ಟಾಕೆ ಬುಡಲ್ಲ. ನೀನು ಓದ್ದೋಳು, ನೀನೇ ಏಳು."

ಎರಡು ವರ್ಷದಲ್ಲಿ ದಾನೇಶ್ವರಿ ಬರೆದ ಯಾವ ಸುರಕ್ಷತೆಯ ನಿಯಮಕ್ಕೂ ಇಷ್ಟು ಗಟ್ಟಿ ಕಾರಣವಿರಲಿಲ್ಲ. ಸ್ವಲ್ಪ ಯೋಚಿಸಿ, "ಮನ್ಯಾಗ ಗಡಿಯಾರ ಐತಲ್ರಿ, ಅದಕ್ಕ ಪೂಜಾ ಮಾಡುವಾಗ ನಿಲ್ಲಸ್ತೀರೇನು?" ಎಂದು ಕೇಳಿದಳು.

"ಗಡಿಯಾರ ಯಾಕ್ ನಿಲ್ಸಾನ? ಅದು ಕೆಲ್ಸ ಮಾಡ್ತದಾ? ಟೈಮ್ ತೋರಿಸ್ತದೆ."

"ಇದೂ ಅಷ್ಟ ಅಮ್ಮಾರ. ಕಂಪ್ಯೂಟರ್ ಕೆಲಸ ಮಾಡೂದಿಲ್ಲ. ಕೆಲಸ ಎಲ್ಲಾ ಕುಲುಮೀದು. ಇದು ಬರೇ ನೋಡತದ, ಬರದಿಡತದ. ತಿರಗೂದು ಏನೂ ಇಲ್ಲ ಅದರಾಗ."

ತನ್ನ ಕೆಲಸವನ್ನು ತಾನೇ ಅಷ್ಟು ಕೆಳಗಿಳಿಸಿ ಮಾತಾಡಿದ್ದು ಅವಳಿಗೆ ಅದೇ ಮೊದಲು. ಆದರೆ ಕೂಡಬೇಕಾದದ್ದನ್ನು ಕೂಡದೆ ಎರಡು ವರ್ಷ ಚೀಟಿ ಬರೆದುಕೊಂಡು ಕೂತಿದ್ದ ಪ್ರೋಗ್ರಾಮಿನ ಬಗ್ಗೆ ಅದು ಪೂರಾ ಸುಳ್ಳೂ ಆಗಿರಲಿಲ್ಲ.

ಭದ್ರಮ್ಮ ಒಳಗೆ ಬಂದು ಕಂಪ್ಯೂಟರನ್ನು ಮೇಲಿಂದ ಕೆಳಗೆ ನೋಡಿದರು. "ಕೆಲ್ಸ ಮಾಡಾಕಿಲ್ವಾ ಇದು?"

"ಇಲ್ರಿ."

"ಇಷ್ಟು ದಿನ ಇದಕ್ಕೂ ಊವ ದಂಡ ಮಾಡಿದ್ನಲ್ಲ. ಬುಡು, ಇದು ಅಂಗೇ ಇರ್ಲಿ. ಆದ್ರೆ ಕುಂಕುಮ ಇಕ್ಕಲ್ಲ. ಕೆಲ್ಸ ಮಾಡೋರ್ಗೆ ಕುಂಕುಮ."

ಆಮೇಲೆ ಬಸಲಿಂಗ ಮೇನ್ ಸ್ವಿಚ್ ಇಳಿಸಿದ. ಕಂಪ್ಯೂಟರ್ ಯುಪಿಎಸ್ ಮೇಲೆ ನಿಂತು ಕುಂಯ್ ಕುಂಯ್ ಎನ್ನತೊಡಗಿತು. ಅದರ ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಎಂದು ಡಬ್ಬದ ಮೇಲೆ ಬರೆದಿತ್ತು. ಎರಡು ವರ್ಷ ಹಳೆಯ ಬ್ಯಾಟರಿ ಡಬ್ಬದ ಮಾತು ಎಷ್ಟು ಕೇಳುತ್ತದೋ ಗೊತ್ತಿರಲಿಲ್ಲ. ಭದ್ರಮ್ಮ ಲೇತಿನಿಂದ ಡ್ರಿಲ್ಲಿಗೆ, ಡ್ರಿಲ್ಲಿನಿಂದ ಕಂಪ್ರೆಸರಿಗೆ ಮಂಡಿ ಹಿಡಿದುಕೊಂಡು ಸಾಗಿದರು. ಪ್ರತಿ ಯಂತ್ರದ ಮುಂದೆ ನಿಂತು ಅದರ ಯೋಗಕ್ಷೇಮ ವಿಚಾರಿಸಿದರು. "ಇದ್ರ ಬೆಲ್ಟು ಬದಲಾಯಿಸ್ದ್ರೇನ್ಲಾ?" ಬಸಲಿಂಗ ಬೆಲ್ಟಿನ ಕತೆಯನ್ನು ಮೊದಲಿನಿಂದ ಹೇಳಿದ.

"ಅಮ್ಮಾರ, ಬೆಲ್ಟಿನ ಮಾತು ಆಮ್ಯಾಲ ಆಡೂಣ್ರಿ," ಎಂದಳು ದಾನೇಶ್ವರಿ.

"ದೇವ್ರ ಕೆಲ್ಸಕ್ಕೆ ಅವಸ್ರ ಮಾಡ್ಬಾರ್ದು. ಅದ್ರ ಬಾಯಿ ಮುಚ್ಸು ಮೊದ್ಲು, ಮಂಗಳಾರತಿ ಒತ್ನಲ್ಲಿ ಕುಂಯ್‌ಗುಡ್ತದೆ."

ಅವಳು ಯುಪಿಎಸ್‌ನ ಸದ್ದನ್ನು ಒತ್ತಿ ನಿಲ್ಲಿಸಿದಳು. ಬ್ಯಾಟರಿಯ ನಾಲ್ಕು ದೀಪಗಳಲ್ಲಿ ಮೂರು ಆರಿದ್ದವು. ಒಡೆದ ಕಾಯಿ ಕೊಳೆತಿತ್ತು. ಇನ್ನೊಂದು ತರಲು ಬಸಲಿಂಗ ಹೊರಟ. ದಾನೇಶ್ವರಿ ಅವನಿಗಿಂತ ಮುಂಚೆ ಓಡಿ, ಎದುರಿನ ಅಂಗಡಿಯಿಂದ ಎರಡು ಕಾಯಿ ತಂದಳು. ಎರಡನೆಯದೂ ಕೆಟ್ಟಿದ್ದರೆ ಎಂಬ ಮುನ್ನೆಚ್ಚರಿಕೆಗೆ. ಕೊನೆಯ ದೀಪ ಮಿಣುಕತೊಡಗಿದಾಗ ಭದ್ರಮ್ಮ ಕುಲುಮೆಗೆ ಆರತಿ ಎತ್ತಿದರು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರು. ದೇವರು ದಿಂಡರೆಂದು ಅಷ್ಟಾಗಿ ಹಚ್ಚಿಕೊಳ್ಳದ ದಾನೇಶ್ವರಿ ಯುಪಿಎಸ್ ಕಡೆ ತಿರುಗಿ, ಕಣ್ಣು ಬಿಟ್ಟುಕೊಂಡೇ ಕೈಮುಗಿದಳು. ಬಸಲಿಂಗ ಸ್ವಿಚ್ಚು ಏರಿಸಿದ. ಪರದೆಯ ಮೂಲೆಯಲ್ಲಿ 'ಓಡುತ್ತಿರುವುದು: 7 ದಿನ' ಎಂದಿತ್ತು.

ಮುಂದಿನ ಶುಕ್ರವಾರಕ್ಕೆ ಅವಳು ತನ್ನ ದುಡ್ಡಿನಲ್ಲಿ ಹೊಸ ಬ್ಯಾಟರಿ ಹಾಕಿಸಿ, ಹಿಂದಿನ ಸಂಜೆಯೇ ಕಾಯಿಗಳನ್ನು ಅಲ್ಲಾಡಿಸಿ, ತಟ್ಟಿ ಆರಿಸಿ ತಂದಳು. ಆ ಪೂಜೆ ಎಂದಿಗಿಂತ ಬೇಗ ಮುಗಿಯಿತು. ಭದ್ರಮ್ಮ ಎಲ್ಲ ಯಂತ್ರಗಳಿಗೂ ಕುಂಕುಮವಿಟ್ಟು ಕಂಪ್ಯೂಟರನ್ನು ಮಾತ್ರ, ಪಂಕ್ತಿಯಲ್ಲಿ ಎಲೆ ಹಾಕದೆ ಬಿಟ್ಟವರ ಹಾಗೆ, ದಾಟಿಕೊಂಡು ಹೋದರು. ಹಿಂದೆ ಕೀಬೋರ್ಡಿನ ಸಂದಿಯಿಂದ ಕುಂಕುಮ ಕೆರೆದು ತೆಗೆಯುತ್ತ ಗೊಣಗುತ್ತಿದ್ದ ದಾನೇಶ್ವರಿಗೆ ಈಗ ಅದೇಕೋ ಸ್ವಲ್ಪ ಬೇಜಾರಾಯಿತು.

ಜೂನ್ 30ರ ಸೋಮವಾರ ಬೆಳಿಗ್ಗೆ ಅವಳು ಕಂಪ್ಯೂಟರಿನ ಮುಂದೆ ಕೂತು, ಫೋನನ್ನು ಪರದೆಗೆ ತಿರುಗಿಸಿ ಒರಗಿಸಿಟ್ಟಳು. ವಿಡಿಯೊ ಕರೆಯಲ್ಲಿ ನರೇಶ್ ಮತ್ತು ಸಿದ್ದಾರ್ಥ್ ಇದ್ದರು. ಹಿಂದೆ ವಸಂತ್ ನಿಂತಿದ್ದ. ಭದ್ರಮ್ಮ, ಸೋಮವಾರ ಅವರಿಗೆ ಇಲ್ಲಿ ಕೆಲಸವಿಲ್ಲದಿದ್ದರೂ, ಗೇರಿನ ಟ್ರೇ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಎಷ್ಟು ದಿನ ಆಯ್ತು ಅಂತ ಅದು?" ಎಂದ ನರೇಶ್.

"ಹದಿನೈದು ದಾಟ್ಯಾವ. ಮೂಲ್ಯಾಗ ಕಾಣತದ ನೋಡ್ರಿ."

"ಕಾಣ್ತಿದೆ. ಮೆಮೊರಿ?"

"ಕೇಳ್ಲಿಕತ್ತೀನಿ, ತಡೀರಿ."

"ಮೇಡಂ," ಎಂದ ಸಿದ್ದಾರ್ಥ್, "ದಿನಾ ಒಂದು ಗಂಟೆ ಅಂದ್ರೆ, ಬೆಳಿಗ್ಗೆನಾ ಸಂಜೆನಾ?"

"ನೋಡೂಣ್ರಿ ಮೊದ್ಲ."

"ಗೆಲ್ತಾ ನಿನ್ ಮಿಸಿನ್ನು?" ಎಂದು ಭದ್ರಮ್ಮ ಹಿಂದಿನಿಂದ ಕೇಳಿದರು. "ಗೆದ್ರೆ ಈ ವಾರದಿಂದ ಕುಂಕುಮ ಇಕ್ತೀನಿ. ಸುಚ್ಚು ಇಳ್ಸಿ."

"ಇಳಸ್ರಿ ಅಮ್ಮಾರ. ಇನ್ನ ಇಳಿಸಿದ್ರೂ ನಡೀತದ, ಬಿಟ್ರೂ ನಡೀತದ," ಎಂದಳು ದಾನೇಶ್ವರಿ. ಆಗಲೇ ಪರದೆಯ ಮೇಲೆ ಅಂಕಿ ಮೂಡಿತ್ತು. ಫೋನಿನಲ್ಲಿ ಇಬ್ಬರೂ ಮುಂದಕ್ಕೆ ಬಾಗಿದರು. ಅವಳು ಅದನ್ನು ಯಾವ ಒತ್ತೂ ಇಲ್ಲದೆ, ಎಲ್ಲರಿಗೂ ಕೇಳುವಂತೆ ಓದಿದಳು: 62.1 ಮೆಗಾಬೈಟ್.